ಕೆಂಪು ಪಟ್ಟಿಯ ಲಾಳಿ

ಕಂತು ಒಂಬತ್ತು

ಅರಗು ಕರಗುವಷ್ಟರಲ್ಲಿ ಅವಳು ಐದು ಪೊಟ್ಟಣಗಳಿಗೆ ದಾರ ಸುತ್ತಿ ಗಂಟು ಹಾಕಿ ಮುಗಿಸಿದ್ದಳು. ಆರನೆಯ ಪೊಟ್ಟಣಕ್ಕೆ ಹೋಗಬೇಕಾದ ಲಾಳಿ ಬಿಳಿ ಕಾಗದದ ಮೇಲೆ ಇನ್ನೂ ಬರಿಮೈಯಲ್ಲಿ ಮಲಗಿತ್ತು.

"ಮಾಲಮ್ಮಾ, ಮೂರು ಗಂಟೆಗೆ ಪ್ರಯೋಗಾಲಯದ ವ್ಯಾನು ಬರುತ್ತಂತೆ," ಎಂದು ಠಾಣೆಯ ಬರಹಗಾರ ಹೊರಗಿನಿಂದ ಹೇಳಿದ. ಒಳಗೆ ಬರಲಿಲ್ಲ. ಆ ಹೊಸ್ತಿಲು ದಾಟಿ ಯಾರೂ ಬರುತ್ತಿರಲಿಲ್ಲ.

ಮಾಲಮ್ಮ ಅವಳ ಹೆಸರಲ್ಲ. ಜಪ್ತಿ ಮಾಡಿದ ಮಾಲಿನ ಕೋಣೆಯಲ್ಲಿ ಹನ್ನೆರಡು ವರ್ಷ ಕೂತವಳಿಗೆ ಠಾಣೆ ಕೊಟ್ಟ ಹೆಸರು. ಪೇದೆ ಪರೀಕ್ಷೆಯಲ್ಲಿ ತನ್ನ ತಂಡಕ್ಕೇ ಎರಡನೆಯವಳಾಗಿ ಪಾಸಾಗಿ ಬಂದಿದ್ದಳು. ಮೊದಲ ವಾರವೇ ಆಗಿನ ಸಾಹೇಬರು, "ನಿಮ್ಮ ಕಡೆಯವರಿಗೆ ಇದೆಲ್ಲ ಅಸಹ್ಯ ಆಗಲ್ಲವಲ್ಲಮ್ಮ," ಎಂದು ಮೃದುವಾಗಿಯೇ ಹೇಳಿ ಈ ಕೋಣೆಯ ಕೀಲಿ ಕೊಟ್ಟರು. ರಕ್ತ ಒಣಗಿದ ಬಟ್ಟೆ, ಬಾವಿಯಿಂದ ತೆಗೆದ ಚಪ್ಪಲಿ, ಹೆಣದ ಕಾವಲು, ಎಲ್ಲ ಅವಳಿಗೆ. ಆಮೇಲೆ ಐದು ಜನ ಸಾಹೇಬರು ಬದಲಾದರು. ಕೀಲಿ ಬದಲಾಗಲಿಲ್ಲ.

ಗಿರಣಿಯ ನೇಯ್ಗೆ ಶೆಡ್ಡಿನಲ್ಲಿ ಗುನುಗಮ್ಮ ತನ್ನ ಮಗ್ಗದ ಮೇಲೇ ಕುಸಿದು ಸತ್ತು ಇಂದಿಗೆ ಆರು ದಿನ. ಪಕ್ಕದ ಮಗ್ಗದ ಹೊಸಬಳು ಅವಳನ್ನು ಕೊಂದ ಆರೋಪದ ಮೇಲೆ ಲಾಕಪ್ಪಿಗೆ ಬಂದು ನಾಲ್ಕು ದಿನ.

ಮಾಲಮ್ಮ ಲಾಳಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

ಚಿಕ್ಕ ದೋಣಿಯ ಆಕಾರದ ಮರದ ತುಂಡು. ಹೊಟ್ಟೆಯಲ್ಲಿ ನೂಲಿನ ಕಂಡಿಕೆ ಕೂರುವ ಜಾಗ, ಪಕ್ಕದಲ್ಲಿ ಕಣ್ಣು ಎಂದು ಕರೆಯುವ ಸಣ್ಣ ತೂತು. ಕಂಡಿಕೆ ಬದಲಿಸಿದಾಗಲೆಲ್ಲ ಎಳೆಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ಬೆರಳಿಗೆ ಸಿಗುವುದಿಲ್ಲ. ತುಟಿಯಿಟ್ಟು ಒಂದೇ ಉಸಿರಿಗೆ ಹೀರಬೇಕು. ದಿನಕ್ಕೆ ಐವತ್ತು ಅರವತ್ತು ಸಲ.

ಈ ಒಂದು ಉಸಿರಿನ ನೆಪದಲ್ಲಿ ಆ ಗಿರಣಿ ಐವತ್ತು ವರ್ಷ ಜಾತಿ ನಡೆಸಿತ್ತು. ಪಾಳಿ ಬದಲಾದರೆ ಲಾಳಿಯೂ ಕೈ ಬದಲಾಗುತ್ತದೆ, ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಆದ್ದರಿಂದ ಮಾಲಮ್ಮನ ಜಾತಿಯವರಿಗೆ ಮಗ್ಗ ಬೇಡ. ಅವರಿಗೆ ಧೂಳುಕೋಣೆ. ಹತ್ತಿ ಬಿಡಿಸಿ ಕಸ ತೆಗೆಯುವ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ಅಲ್ಲಿಯ ಮೂವತ್ತು ಹೆಂಗಸರು ಹತ್ತು ವರ್ಷ ಅರ್ಜಿ ಹಾಕಿದ ಮೇಲೆ ಆಡಳಿತದವರು ಒಬ್ಬಳನ್ನು ನಾಲ್ಕು ತಿಂಗಳ ಪರೀಕ್ಷೆಗೆಂದು ನೇಯ್ಗೆಗೆ ತೆಗೆದುಕೊಂಡರು. ಅವಳಿಗೆ ಬೇರೆ ಲಾಳಿ. ಯಾರೂ ಮರೆತು ಬಾಯಿಡದಂತೆ ಅದರ ನಡುವಿಗೆ ಎರಡು ಬೆರಳಗಲದ ಕೆಂಪು ಬಣ್ಣದ ಪಟ್ಟಿ. ಐದು ತಿಂಗಳಾದರೂ ಶೆಡ್ಡಿನಲ್ಲಿ ಅವಳು ಹೊಸಬಳೇ.

ವಿಷ ಸಿಕ್ಕಿದ್ದು ಈ ಕೆಂಪು ಪಟ್ಟಿಯ ಲಾಳಿಯ ಕಣ್ಣಿನಲ್ಲಿ. ಬಣ್ಣದ ಕೋಣೆಯ ಕಪಾಟಿನ ಪುಡಿ ಅದು ಎಂದು ಮೊದಲ ವರದಿ ಹೇಳಿತ್ತು. ಹೆಚ್ಚಿನ ಪರೀಕ್ಷೆಗೆ ಇವತ್ತು ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕು.

ಮಾಲಮ್ಮನ ಕಣ್ಣು ವಿಷದ ಕಡೆಗಿರಲಿಲ್ಲ. ತೂತಿನ ಸುತ್ತ, ಮರದ ನರಗಳೊಳಗೆ, ನೇರಳೆ ಬಣ್ಣ ಇಳಿದಿತ್ತು.

ಕಲೆಗಳನ್ನು ಓದುವುದು ಅವಳಿಗೆ ಯಾರೂ ಕಲಿಸಿದ ವಿದ್ಯೆಯಲ್ಲ. ಬೇರೆ ಯಾರೂ ಮುಟ್ಟದೆ ಬಿಟ್ಟಿದ್ದರಿಂದ ತಾನಾಗಿ ಬಂದದ್ದು. ಇಲ್ಲಿ ಮೂರು ಪದರ ಕಂಡವು. ಎಲ್ಲಕ್ಕಿಂತ ಕೆಳಗೆ ಒಣಗಿ ಮಾಸಿದ ನೇರಳೆ, ಅದರ ಮೇಲೆ ಸ್ವಲ್ಪ ಗಾಢ, ಅಂಚಿನಲ್ಲಿ ಇನ್ನೂ ಮಿಂಚುವಂಥದ್ದು. ಒಂದು ದಿನದಲ್ಲಿ ಆದ ಕಲೆಯಲ್ಲ.

ಗುನುಗಮ್ಮನ ಕೈಚೀಲದ ಸಾಮಾನು ಪಕ್ಕದ ತಟ್ಟೆಯಲ್ಲಿತ್ತು. ಬಾಚಣಿಗೆ, ಕನ್ನಡಕ, ಗಿರಣಿಯ ದವಾಖಾನೆಯ ಚೀಟಿ ಅಂಟಿಸಿದ ಪುಟ್ಟ ಬಾಟ್ಲಿ. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧಿ. ಚೀಟಿಯ ಮೇಲಿನ ತಾರೀಕು, ಸಾವಿಗೆ ಇಪ್ಪತ್ತು ದಿನ ಮೊದಲಿನದು. ಮುಚ್ಚಳ ತೆಗೆದು ಕಾಗದದ ಅಂಚಿಗೆ ಒಂದು ಹನಿ ಮುಟ್ಟಿಸಿದಳು. ಅದೇ ಬಣ್ಣ.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಎದೆಯೊಳಗೆ ಎಲ್ಲೋ ಒಂದು ಬಾಗಿಲು ತೆರೆದ ಹಾಗಾಯಿತು. ಖುಷಿಯಾಗಲಿಲ್ಲ. ಇಂಥ ಬಾಗಿಲುಗಳ ಹಿಂದೆ ಗಾಳಿ ಬೆಳಕು ಇದ್ದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.

ಇನ್ಸ್‌ಪೆಕ್ಟರು ಹೊಸ್ತಿಲಾಚೆಗೆ ಬಂದು ನಿಂತರು. ಕರ್ಚೀಫು ಮೂಗಿನ ಹತ್ತಿರ.

"ಆಯ್ತೇನಮ್ಮ?"

"ಸರ್, ಈ ಕಲೆ ಒಂದು ನೋಡಬೇಕಿತ್ತು."

"ಅಲ್ಲಿಂದಲೇ ಹೇಳು."

"ಗುನುಗಮ್ಮನ ಬಾಯಿಗೆ ಹಚ್ಚೋ ಔಷಧಿ ಲಾಳಿ ಕಣ್ಣಲ್ಲಿದೆ. ಹಳೇದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೊಂದು. ಹೊಸಬಳು ಮೋಸದಿಂದ ಒಂದೇ ಒಂದು ಸಲ ಬಾಯಿಡಿಸಿದಳು ಅಂತ ನಮ್ಮ ಕೇಸು. ಇದು ದಿನಾ ಇಟ್ಟ ಬಾಯಿ ಸರ್."

ಅವರು ನಕ್ಕರು. ಕೆಟ್ಟ ನಗೆಯೇನಲ್ಲ, ಮಗುವಿನ ತೊದಲಿಗೆ ನಗುವ ಹಾಗೆ. "ಅವರ ಮನೆತನ ಗೊತ್ತಾ ನಿನಗೆ? ಆಯಮ್ಮ ಕೆಂಪು ಪಟ್ಟಿ ಲಾಳಿಗೆ ದಿನಾ ಬಾಯಿಡ್ತಿದ್ದಳು ಅಂತ ನಾನು ಬರೆದರೆ, ಸತ್ತವಳನ್ನ ಇನ್ನೊಂದು ಸಲ ಸಾಯಿಸಿದ ಹಾಗೆ."

"ಆದರೂ ಸರ್..."

"ನೋಡು. ಆ ಲಾಳಿ ಯಾರದು? ಹೊಸಬಳದು. ದಿನಕ್ಕೆ ಅರವತ್ತು ಸಲ ಬಾಯಿಡಬೇಕಾದವಳು ಅವಳೇ. ವಿಷ ಇದ್ದ ದಿನ ಅವಳಿಗೇನೂ ಆಗಲಿಲ್ಲ, ಯಾಕೆ? ಬಾಯಿಡಲಿಲ್ಲ. ಯಾಕಿಡಲಿಲ್ಲ? ವಿಷ ಇದೆ ಅಂತ ಗೊತ್ತಿತ್ತು. ಇದಕ್ಕೊಂದು ಉತ್ತರ ತಂದುಕೊಡು, ನಾನೇ ಬೀಗ ತೆಗೆದು ಬಿಟ್ಟುಬಿಡ್ತೀನಿ." ಹೊರಡುತ್ತ ಸೇರಿಸಿದರು: "ಮಾಲಿನ ಪಟ್ಟಿಯಲ್ಲಿ 'ಮರದ ಲಾಳಿ ಒಂದು' ಅಂತ ಬರೆ, ಸಾಕು. ಪುರಾಣ ಬೇಡ."

ಅವರ ಬೂಟಿನ ಸದ್ದು ಪಡಸಾಲೆಯ ತುದಿ ಸೇರಿತು. ಸಾಹೇಬರ ಪ್ರಶ್ನೆ ಸರಿಯಾಗಿಯೇ ಇತ್ತು. ಯಾಕೆ ಬಾಯಿಡಲಿಲ್ಲ?

ಅರಗು ಕರಗಿಸಲು ಹಚ್ಚಿದ್ದ ಮೇಣದಬತ್ತಿ ಮೇಜಿನ ಮೇಲೆ ಉರಿಯುತ್ತಿತ್ತು. ಅವಳು ಅದನ್ನೇ ನೋಡಿದಳು. ಧೂಳುಕೋಣೆಯಲ್ಲಿ ಮೂವತ್ತೆರಡು ವರ್ಷ ದುಡಿದು ಈಗಲೂ ದುಡಿಯುತ್ತಿರುವ ಅವ್ವ, ಮನೆಯಲ್ಲಿ ದೀಪವನ್ನು ಊದುವುದಿಲ್ಲ. ಬೆರಳಿನಲ್ಲಿ ಚಿವುಟಿ ಆರಿಸುತ್ತಾಳೆ.

ಮಾಲಮ್ಮ ಬತ್ತಿಯನ್ನು ತಗಡಿನ ಮುಚ್ಚಳದ ಮೇಲಿಟ್ಟುಕೊಂಡು, ಇನ್ನೊಂದು ಕೈ ಮರೆ ಮಾಡಿ ಲಾಕಪ್ಪಿನ ಕಡೆ ನಡೆದಳು.

"ಹಾಡುಹಗಲಲ್ಲಿ ದೀಪ ಹಿಡ್ಕೊಂಡು ಯಾರನ್ನ ಹುಡುಕ್ತಿದ್ದೀಯ ಮಾಲಮ್ಮ?" ಎಂದ ಬರಹಗಾರ.

"ನಿನ್ನ ಬುದ್ಧೀನ. ಮೊನ್ನೆಯಿಂದ ಕಾಣಿಸ್ತಿಲ್ಲ," ಎಂದು ಮುಂದೆ ಹೋದಳು.

ಹೊಸಬಳು ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ ಕೂತಿದ್ದಳು. ಮೂವತ್ತೈದಿರಬಹುದು, ನೋಡಲು ಐವತ್ತರವಳು. ಮಲಗಿದರೆ ಉಸಿರು ಕಟ್ಟುತ್ತದೆಂದು ನಾಲ್ಕು ದಿನದಿಂದ ಕೂತೇ ನಿದ್ದೆ ಮಾಡುತ್ತಿದ್ದಳು. ಅದನ್ನೂ ಪಾಪಪ್ರಜ್ಞೆ ಎಂದು ಸಾಹೇಬರು ದಿನಚರಿಯಲ್ಲಿ ಬರೆದಿದ್ದರು.

ಮಾಲಮ್ಮ ಸರಳುಗಳ ಈಚೆ ಕುಕ್ಕರಗಾಲಲ್ಲಿ ಕೂತು ಬತ್ತಿಯನ್ನು ಒಂದು ಮೊಳ ದೂರದಲ್ಲಿ ಹಿಡಿದಳು.

"ಊದಿ ಆರಿಸು."

"ಯಾಕೆ ಮೇಡಂ?"

"ಆರಿಸು ಅಂದೆ."

ಹೊಸಬಳು ಜ್ವಾಲೆಯನ್ನು ನೋಡಿದಳು, ಮಾಲಮ್ಮನ ಮುಖ ನೋಡಿದಳು. ತುಟಿ ಮುಂದೆ ತಂದು ಊದಿದಳು. ಜ್ವಾಲೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಯಿತು. ಇನ್ನೊಮ್ಮೆ ಊದಿದಳು. ಈ ಸಲ ಬಾಗಲೂ ಇಲ್ಲ. ಮೂರನೆಯದಕ್ಕೆ ಮೊದಲೇ ಕೆಮ್ಮು ಬಂತು. ಒಣ ಹೊಟ್ಟನ್ನು ತುಳಿದಂಥ ಸದ್ದು. ಮಾಲಮ್ಮ ಆ ಸದ್ದಿನ ಪಕ್ಕದಲ್ಲೇ ಮಲಗಿ ಬೆಳೆದವಳು.

ಕೆಮ್ಮು ನಿಲ್ಲುವವರೆಗೆ ಕಾದಳು.

"ದೀಪ ಆರಿಸೋಕಾಗದವಳು ಎಳೆ ಹೇಗೆ ಹೀರ್ತೀಯ?"

ಹೊಸಬಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನೀನು ಹೀರಿಲ್ಲ. ಒಂದು ದಿನಾನೂ ಹೀರಿಲ್ಲ. ನಿನ್ನ ಲಾಳೀನ ಗುನುಗಮ್ಮ ಇಸ್ಕೊಂಡು ಹೀರಿ ಕೊಡ್ತಿದ್ದಳು. ಅದಕ್ಕೇ ಅವಳು ಸತ್ತಳು, ಅದಕ್ಕೇ ನೀನು ಬದುಕಿದೀಯ. ಹೌದೋ ಅಲ್ಲವೋ?"

"ಅಲ್ಲ ಮೇಡಂ."

"ಕಲೆ ಇದೆ. ಅವಳ ಔಷಧಿ, ನಿನ್ನ ಲಾಳೀಲಿ. ಈ ಕೆಮ್ಮನ್ನ ಡಾಕ್ಟ್ರು ಕೇಳಿದರೆ ಸಾಕು. ನೀನು ಒಂದು ಮಾತು ಹೇಳು, ನಾಳೇನೇ ನಿನ್ನನ್ನ ಬಿಡಬೇಕಾಗುತ್ತೆ."

"ಬಿಟ್ಟು?"

ಮಾಲಮ್ಮನಿಗೆ ಅರ್ಥವಾಗಲಿಲ್ಲ. "ಬಿಟ್ಟು ಅಂದರೆ? ಮನೆಗೆ ಹೋಗ್ತೀಯ."

ಹೊಸಬಳು ಮೊದಲ ಸಲ ಅವಳ ಕಡೆ ಪೂರ್ತಿ ತಿರುಗಿದಳು. ದನಿ ಏರಲಿಲ್ಲ. ಅವಳ ಉಸಿರಿಗೆ ದನಿ ಏರಿಸುವ ಶಕ್ತಿಯೇ ಇರಲಿಲ್ಲ.

"ನಿಮ್ಮ ತಾಯಿ ನನ್ನ ಎದುರಿನ ಸಾಲಲ್ಲಿ ಕೂರ್ತಿದ್ದರು. ನಿಮಗೆ ಹೇಳಬೇಕಾಗಿಲ್ಲ. ಆದರೂ ಕೇಳಿ ಅಕ್ಕ. ಕೊಲೆ ಮಾಡಿದಳು ಅಂದರೆ ನಾನೊಬ್ಬಳು ಕೆಟ್ಟವಳು. ಉಸಿರಿಲ್ಲ ಅಂದರೆ ಧೂಳುಕೋಣೆಯವರು ಯಾರಿಗೂ ಉಸಿರಿಲ್ಲ. ನಾಳೆಯೇ ಸಾಲಾಗಿ ನಿಲ್ಲಿಸಿ ಎಲ್ಲರ ಎದೆಗೆ ಕೊಳವೆ ಇಡ್ತಾರೆ. ಹದಿನೈದು ವರ್ಷ ಹತ್ತಿ ಬಿಡಿಸಿದವರಲ್ಲಿ ಯಾರು ಪಾಸಾಗ್ತಾರೆ ಹೇಳಿ. ಆಗದವರಿಗೆ ಮಗ್ಗವೂ ಇಲ್ಲ, ಇದ್ದ ಕೂಲಿಯೂ ಇಲ್ಲ."

"ಅದಕ್ಕೆ ನೀನು ಸಾಯ್ತೀಯ?"

"ಇನ್ನು ಐದಾರು ವರ್ಷ ಅಂತ ಡಾಕ್ಟ್ರು ಹೋದ ವರ್ಷವೇ ಹೇಳಿದಾರೆ. ನಾನು ಬಿಟ್ಟು ಹೋಗ್ತಿರೋದು ದೊಡ್ಡ ಆಸ್ತಿಯೇನಲ್ಲ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನನ್ನ ಹಿಂದೆ ನಾಲ್ಕು ಜನದ ಹೆಸರು ಪಟ್ಟಿಯಲ್ಲಿದೆ. ಎಲ್ಲ ಹುಡುಗೀರು. ಧೂಳಿಗೆ ಬಂದು ಇನ್ನೂ ಎರಡು ವರ್ಷ ಆಗಿಲ್ಲ, ಅವರಿಗೆ ಉಸಿರಿದೆ. ಈ ತಿಂಗಳ ಮೊದಲನೇ ತಾರೀಕು ಮಗ್ಗಕ್ಕೆ ಬರಲಿ ಅಂತ ಆರ್ಡರ್ ಆಗಿತ್ತು. ಇವತ್ತೇ ಅಲ್ವಾ ಒಂದನೇ ತಾರೀಕು?"

"ಇವತ್ತೇ."

"ಒಂದು ವಾರ ಅವರು ಮಗ್ಗದ ಮೇಲೆ ಕೂತುಬಿಟ್ಟರೆ ಎಬ್ಬಿಸೋದು ಕಷ್ಟ. ಅಲ್ಲೀವರೆಗೆ ನಾನು ಬಾಯಿ ಬಿಡಲ್ಲ."

ಮಾಲಮ್ಮ ಬತ್ತಿಯನ್ನು ನೆಲಕ್ಕಿಟ್ಟಳು. ಮೇಣ ಅವಳ ಬೆರಳಿನ ಮೇಲೆ ಇಳಿದು ಗಟ್ಟಿಯಾಗಿತ್ತು. ಅದನ್ನು ಕೀಳುತ್ತ ಕೇಳಿದಳು:

"ಶುರುವಾದದ್ದು ಹೇಗೆ?"

"ಮೊದಲನೇ ವಾರ. ಹೀರಿ ಹೀರಿ ಬಾಯಲ್ಲಿ ರಕ್ತ ಬಂತು. ಎಳೆ ಬರಲಿಲ್ಲ. ಅವರು ಪಕ್ಕದ ಮಗ್ಗದಿಂದ ನೋಡ್ತಿದ್ದರು. ಏನೂ ಕೇಳಲಿಲ್ಲ, ಕೈ ಚಾಚಿದರು. ನಾನು ಕೊಡಲಿಲ್ಲ. 'ಕೆಂಪು ಪಟ್ಟಿ ಅಮ್ಮ ಇದು' ಅಂದೆ. 'ನನಗೆ ಕಣ್ಣಿಲ್ವಾ' ಅಂತ ಕಿತ್ಕೊಂಡರು." ಅವಳ ಮುಖದಲ್ಲಿ ನಗೆಯಂಥದ್ದೇನೋ ಬಂದು ಹೋಯಿತು. "'ನಂಗೆ ಉಸಿರು ಜಾಸ್ತಿ ಕಣೇ, ಇಡೀ ದಿನ ಗುನುಗಿ ಹಾಳು ಮಾಡ್ತೀನಿ. ಅದರಲ್ಲಿ ಒಂದು ಪಾಲು ನಿಂಗೆ ಇರಲಿ' ಅಂದರು. ಆಮೇಲೆ ಮಗ್ಗದ ಕೆಳಗಿಂದ ಕೊಡೋದು, ಇಸ್ಕೊಳ್ಳೋದು. ಐದು ತಿಂಗಳು. ಹೊರಗೆ ಗೇಟಿನ ಹತ್ತಿರ ಸಿಕ್ಕರೆ ಮುಖ ತಿರುಗಿಸ್ಕೊಂಡು ಹೋಗೋರು. ಹಾಗೇ ಇರಬೇಕು ಅಂತ ಇಬ್ಬರೂ ಒಪ್ಕೊಂಡಿದ್ವಿ."

ಪಡಸಾಲೆಯಲ್ಲಿ ಯಾರೋ ಕುರ್ಚಿ ಎಳೆದರು. ಮಾಲಮ್ಮ ಸರಳಿಗೆ ಇನ್ನಷ್ಟು ಹತ್ತಿರ ಸರಿದಳು.

"ಹಾಗಾದರೆ ಕೊಲ್ಲೋಕೆ ಬಂದಿದ್ದು ನಿನ್ನನ್ನ," ಎಂದಳು ಮಾಲಮ್ಮ ಮೆಲ್ಲಗೆ. "ಆ ಲಾಳಿಗೆ ನಿನ್ನ ಬಾಯಿ ಬಿಟ್ಟು ಬೇರೆ ಬಾಯಿ ಬರಲ್ಲ ಅಂತ ಅಂದ್ಕೊಂಡು ಯಾರೋ ವಿಷ ಸವರಿದ್ದಾರೆ. ತಪ್ಪಿ ಗುನುಗಮ್ಮನಿಗೆ ಹೋಗಿದೆ."

ಹೊಸಬಳು ತಲೆಯಾಡಿಸಲಿಲ್ಲ. ತನ್ನ ಅಂಗೈ ನೋಡಿಕೊಂಡಳು.

"ನಾನೂ ಮೊದಲು ಹಾಗೇ ಅಂದ್ಕೊಂಡೆ."

"ಮತ್ತೆ?"

"ಹಿಂದಿನ ದಿನ ಮೇಸ್ತ್ರಮ್ಮ ನೋಡಿದರು."

ನೇಯ್ಗೆ ಶೆಡ್ಡಿನ ಮೇಸ್ತ್ರಮ್ಮ ಗುನುಗಮ್ಮನ ಗಂಡನ ಅಕ್ಕ. ಒಂದೇ ಮನೆ, ಒಂದೇ ಒಲೆ. ಹೊಸಬಳ ಮೇಲೆ ದೂರು ಬರೆದುಕೊಟ್ಟವಳೂ ಅವಳೇ.

"ಏನು ನೋಡಿದಳು?"

"ಸಾಲಿನ ಕೊನೇಲಿ ನಿಂತಿದ್ದರು. ಗುನುಗಮ್ಮ ಕೆಂಪು ಪಟ್ಟಿ ಲಾಳಿಗೆ ಬಾಯಿಟ್ಟಿದ್ದರು. ಮೇಸ್ತ್ರಮ್ಮ ಕೂಗಲಿಲ್ಲ, ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ತಿರುಗಿ ಹೋದರು. ಬೈದಿದ್ದರೆ ಚೆನ್ನಾಗಿತ್ತು. ಆವತ್ತು ಸಂಜೆವರೆಗೂ ಗುನುಗಮ್ಮ ಗುನುಗಲಿಲ್ಲ. ಬೆಳಿಗ್ಗೆ ಬಂದು, 'ರಾತ್ರಿ ಮನೇಲಿ ಯಾರೂ ಒಂದು ಮಾತೂ ಆಡಲಿಲ್ಲ ಕಣೇ, ಅದೇ ಭಯ' ಅಂದರು. ಅಂದೂ ಕೈ ಚಾಚಿದರು. ನಾನು ಕೊಟ್ಟೆ." ಅವಳ ದನಿ ಅಲ್ಲಿ ನಿಂತುಹೋಯಿತು. ಮತ್ತೆ ಬಂದಾಗ ಪಿಸುಮಾತಾಗಿತ್ತು. "ನಾನೇ ಕೊಟ್ಟೆ ಅಕ್ಕ. ಆ ಲೆಕ್ಕಕ್ಕೆ ಸಾಹೇಬರು ಹೇಳೋದು ಪೂರ್ತಿ ಸುಳ್ಳಲ್ಲ."

ಮಾಲಮ್ಮನ ತಲೆಯಲ್ಲಿ ಮಾಲಿನ ಪುಸ್ತಕದ ಒಂದು ಸಾಲು ಎದ್ದು ಬಂತು. ತನ್ನದೇ ಕೈಬರಹ. 'ಮರದ ಲಾಳಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದು, ತಂದುಕೊಟ್ಟವರು ನೇಯ್ಗೆ ಮೇಸ್ತ್ರಿ, ಬೆಳಿಗ್ಗೆ ಹನ್ನೊಂದು ಹತ್ತು.'

ಗುನುಗಮ್ಮ ಕುಸಿದದ್ದು ಅದೇ ಬೆಳಿಗ್ಗೆ ಹತ್ತೂವರೆಗೆ. ಆಗ ಗಿರಣಿಯ ಡಾಕ್ಟರು ಹೇಳಿದ್ದು ಹೃದಯಾಘಾತ ಎಂದು. ವಿಷ ಎಂಬ ಪದ ಮೊದಲು ಯಾರ ಬಾಯಲ್ಲಾದರೂ ಬಂದದ್ದು ಮಾರನೆಯ ದಿನ ಸಂಜೆ.

ಎಲ್ಲರೂ ಹೃದಯ ಎನ್ನುತ್ತಿದ್ದಾಗ, ನಲವತ್ತು ಮಗ್ಗಗಳ ಶೆಡ್ಡಿನಿಂದ ಒಂದೇ ಒಂದು ಲಾಳಿಯನ್ನು ಆರಿಸಿ, ಬರಿಗೈಯಲ್ಲಿ ಮುಟ್ಟದೆ ಬಟ್ಟೆ ಸುತ್ತಿ ಠಾಣೆಗೆ ತಂದದ್ದು ಯಾಕೆ?

ವಿಷ ತಪ್ಪಿ ಬೇರೆ ಬಾಯಿಗೆ ಹೋಗಿರಲಿಲ್ಲ. ಇಬ್ಬರಲ್ಲಿ ಯಾರು ಬಾಯಿಟ್ಟರೂ ವಿಷ ಸವರಿದವಳಿಗೆ ನಷ್ಟವಿರಲಿಲ್ಲ. ಆದರೆ ಯಾರು ಇಡುತ್ತಾರೆಂದು ಅವಳಿಗೆ ಗೊತ್ತಿತ್ತು.

"ಇದನ್ನ ಹೇಳು," ಎಂದಳು ಮಾಲಮ್ಮ. ತನ್ನ ದನಿ ತನಗೇ ಬೇಡಿಕೊಂಡಂತೆ ಕೇಳಿಸಿತು. "ಇದೊಂದನ್ನಾದರೂ ಹೇಳು."

"ಮೇಸ್ತ್ರಮ್ಮ ನೋಡಿದ್ದು ಏನನ್ನ ಅಂತ ಕೇಳ್ತಾರೆ. ಬಾಯಿಟ್ಟಿದ್ದನ್ನ. ಯಾಕೆ ಬಾಯಿಟ್ಟಳು? ನನಗೆ ಉಸಿರಿಲ್ಲ ಅಂತ. ಎಲ್ಲಿಂದ ಶುರು ಮಾಡಿದರೂ ಅಲ್ಲಿಗೇ ಬರುತ್ತೆ." ಹೊಸಬಳು ಸರಳಿನ ಸಂದಿಯಿಂದ ಕೈ ತೂರಿಸಿ ಮಾಲಮ್ಮನ ಮಣಿಕಟ್ಟು ಹಿಡಿದಳು. ನೂಲಿನಿಂದ ಗೀರುಬಿದ್ದ, ಒಣಗಿದ ಬೆರಳು. "ಒಂದು ಉಪಕಾರ ಮಾಡಿ ಅಕ್ಕ. ಆ ನೇರಳೆ ಕಲೆ ಒರೆಸಿಬಿಡಿ. ನಿಮ್ಮ ಕೈಯಲ್ಲೇ ಇದೆಯಲ್ಲ."

ಮಾಲಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. ಪಡಸಾಲೆಯಿಂದ ಸಾಹೇಬರು ಕರೆಯುತ್ತಿದ್ದರು.

ಇನ್ಸ್‌ಪೆಕ್ಟರ ಮೇಜಿನ ಎದುರು ಮೇಸ್ತ್ರಮ್ಮ ಕೂತಿದ್ದಳು. ಅರವತ್ತರ ಹತ್ತಿರದ, ನೆಟ್ಟನೆ ಬೆನ್ನಿನ ಹೆಂಗಸು. ಅತ್ತು ಊದಿದ ಕಣ್ಣು. ಆ ಅಳು ಸುಳ್ಳಿರಲಾರದು ಎಂದು ಮಾಲಮ್ಮನಿಗೆ ಅನ್ನಿಸಿತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಆ ನೇರಳೆ ಔಷಧಿ ಬಾಟ್ಲಿ ಇದೆಯಲ್ಲಮ್ಮ, ಇವರಿಗೆ ಕೊಟ್ಟುಬಿಡು," ಎಂದರು ಸಾಹೇಬರು. "ತಂಗಿಯಂಥವಳ ನೆನಪಿಗೆ ಕೇಳ್ತಿದ್ದಾರೆ. ನಿನ್ನ ಕಲೆ ಸಂ‍ಶೋಧನೆ ಬಗ್ಗೆ ಆಗಲೇ ಫೋನಲ್ಲಿ ಇವರಿಗೂ ಹೇಳಿ ನಕ್ಕೆ."

ಮಾಲಮ್ಮ ಮೇಸ್ತ್ರಮ್ಮನ ಕಡೆ ನೋಡಿದಳು. ತಾನೇ ಆಡಿದ ಮಾತು ಅರ್ಧ ಗಂಟೆಯಲ್ಲಿ ಗಿರಣಿ ಮುಟ್ಟಿ, ಕಾಲು ಮೂಡಿ ಬಂದು ಇಲ್ಲಿ ಕೂತಿತ್ತು. ಬಾಚಣಿಗೆ ಬೇಡ, ಕನ್ನಡಕ ಬೇಡ. ನೆನಪಿಗೆ ಔಷಧಿಯ ಬಾಟ್ಲಿ.

"ತರ್ತೀನಿ ಸರ್."

ಕೋಣೆಗೆ ಬಂದು ಅವಳು ಬಾಟ್ಲಿ ಕೈಗೆತ್ತಿಕೊಂಡಳು. ಇದು ಹೋದರೆ ಲಾಳಿಯ ಮೇಲಿನದು ಬರೀ ಒಂದು ಕಲೆ. ಯಾವುದೋ ಬಣ್ಣ, ಯಾರದೋ ಕೈ. ಮೇಜಿನ ಇನ್ನೊಂದು ಬದಿಗೆ ಒದ್ದೆ ಬಟ್ಟೆಯೂ ಇತ್ತು. ಒಂದು ಸಲ ಒರೆಸಿದರೆ ಹೊಸಬಳು ಕೇಳಿದ್ದು ಆಗಿಬಿಡುತ್ತಿತ್ತು.

ಅವಳು ಲಾಳಿ ಮತ್ತು ಬಾಟ್ಲಿ ಎರಡನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿದಳು. ದಾರ ಕಟ್ಟಿದಳು. ನಾಲ್ಕು ಕಡೆ ಅರಗು ಸುರಿದು ಮೊಹರು ಒತ್ತಿದಳು. ಪಟ್ಟಿಗೆ ಕಾರ್ಬನ್ ಇಟ್ಟು, ಮೂರೂ ಪ್ರತಿಗೆ ಇಳಿಯುವಂತೆ ಒತ್ತಿ ಬರೆದಳು: ಲಾಳಿಯ ಕಣ್ಣಿನಲ್ಲಿ ಹಲವು ದಿನಗಳ ನೇರಳೆ ಕಲೆ, ಮೃತಳ ಬಾಯಿಯ ಔಷಧಿಯೊಂದಿಗೆ ಹೋಲಿಸಬೇಕು, ಲಾಳಿ ತಂದುಕೊಟ್ಟವರ ಹೆಸರು, ಗಂಟೆ, ವಿಷದ ಸಂಶಯ ಬಂದ ದಿನ, ಗಂಟೆ. ಒಟ್ಟು ಆರು ಸಾಲು. ಹನ್ನೆರಡು ವರ್ಷದಲ್ಲಿ ಅವಳು ಆ ಕಾಲಮ್ಮಿನಲ್ಲಿ ಒಂದು ಸಾಲು ದಾಟಿ ಬರೆದವಳಲ್ಲ.

"ಸೀಲಾಗಿ ಹೋಗಿದೆ ಸರ್," ಎಂದಳು ವಾಪಸು ಬಂದು. "ಬಾಟ್ಲೀನೂ ಒಳಗೇ ಸೇರಿದೆ. ಒಡೆಯೋಕೆ ಇನ್ನು ಪ್ರಯೋಗಾಲಯದವರೇ ಆಗಬೇಕು."

"ಇದೊಂದು ತಲೆಹರಟೆ," ಎಂದು ಸಾಹೇಬರು ಪೆನ್ನು ತೆಗೆದರು. ಅವಳ ಕೋಣೆಯ ಕಾಗದವನ್ನು ಅವರು ಎಂದೂ ಕೈಗೆತ್ತಿಕೊಂಡು ಓದಿದವರಲ್ಲ. ಮೇಜಿನ ಮೇಲೆ ಅವಳು ಇಟ್ಟಲ್ಲೇ, ಒಂದು ಬೆರಳಿನ ತುದಿಯಿಂದ ಮೂಲೆ ಒತ್ತಿ ಹಿಡಿದು ಸಹಿ ಹಾಕುತ್ತಿದ್ದರು. ಇಂದೂ ಹಾಗೇ ಹಾಕಿದರು, ಮೂರು ಸಲ. ಮುಗಿದ ಮೇಲೆ ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡರು.

ಮೇಸ್ತ್ರಮ್ಮನ ಕಣ್ಣು ಮಾತ್ರ ಕಾಗದದ ಮೇಲಿತ್ತು. ತಲೆಕೆಳಗಾಗಿ ಕಂಡ ಅಕ್ಷರವನ್ನು ಅವಳು ಎಷ್ಟು ಓದಿದಳೋ ತಿಳಿಯದು. ಎದ್ದು ಸೆರಗು ಸರಿಮಾಡಿಕೊಂಡು, ಮಾಲಮ್ಮನ ಪಕ್ಕ ಬಂದಾಗ ನಿಂತಳು. ಮುಟ್ಟುವಷ್ಟು ಹತ್ತಿರ ಬರಲಿಲ್ಲ.

"ನಿಮ್ಮವ್ವ ನಮ್ಮ ಧೂಳುಕೋಣೆಯವಳೇ ಅಲ್ವೇನಮ್ಮ? ಕೆಮ್ಮು ಹೇಗಿದೆ ಈಗ? ಈ ವಯಸ್ಸಲ್ಲಿ ಕೆಲಸ ಬಿಡಿಸಿದರೆ ಪಾಪ, ಎಲ್ಲಿಗೆ ಹೋಗ್ತಾಳೆ."

ಮೂರು ಗಂಟೆಗೆ ವ್ಯಾನು ಬಂತು. ಆರು ಪೊಟ್ಟಣ ಏರಿಸಿಕೊಂಡು ಹೋಯಿತು. ಪಟ್ಟಿಯ ಒಂದು ಪ್ರತಿ ವ್ಯಾನಿನಲ್ಲಿ, ಒಂದು ಕೋರ್ಟಿನ ಟಪಾಲಿನಲ್ಲಿ. ಠಾಣೆಯಲ್ಲೇ ಉಳಿದ ಮೂರನೆಯದನ್ನು ಸಾಹೇಬರು ಯಾವ ದಿನ ಬೇಕಾದರೂ ಓದಬಹುದು.

ಟಪಾಲು ಕೊಟ್ಟು ತಿರುಗಿದಾಗ ಅವರು ಇನ್ನೊಂದು ಕಾಗದ ಚಾಚಿದರು.

"ಮೇಸ್ತ್ರಮ್ಮ ತಂದಿದ್ದು, ಗಿರಣಿಯ ಆದೇಶ. ಧೂಳುಕೋಣೆಯವರನ್ನ ನೇಯ್ಗೆಗೆ ತಗೊಳ್ಳೋ ಯೋಜನೆ ರದ್ದು. ಇವತ್ತು ಬೆಳಿಗ್ಗೆ ಮಗ್ಗಕ್ಕೆ ಅಂತ ಬಂದಿದ್ದ ನಾಲ್ಕು ಹುಡುಗೀರನ್ನ ಗೇಟಿನಿಂದಲೇ ವಾಪಸು ಕಳಿಸಿದಾರಂತೆ. ಇದನ್ನ ಹೋಗಿ ಅವಳ ಮುಂದೆ ಓದು. ಎದೆ ಒಡೆದು ಬಾಯಿ ಬಿಡ್ತಾಳೆ. ಅಳ್ತಾ ಏನು ಹೇಳಿದರೂ ನಾನು ಬರ್ಕೊಳ್ತೀನಿ."

ಕಾಗದ ಹಿಡಿದು ಅವಳು ಪಡಸಾಲೆಯಲ್ಲಿ ನಡೆದಳು. ಇಪ್ಪತ್ತು ಹೆಜ್ಜೆಯ ದಾರಿ. ಅದನ್ನು ಆದಷ್ಟು ನಿಧಾನವಾಗಿ ನಡೆದಳು.

ಓದಿದರೆ ಹೊಸಬಳಿಗೆ ಸುಮ್ಮನಿರಲು ಕಾರಣವೇ ಉಳಿಯುವುದಿಲ್ಲ. ಎಲ್ಲ ಹೇಳಿಯಾಳು, ಲಾಳಿ ನಾನೇ ಕೊಟ್ಟೆ ಎಂಬುದನ್ನೂ ಸೇರಿಸಿ. ಸಾಹೇಬರು ಬರೆದುಕೊಳ್ಳುವುದು ಆ ಒಂದು ಮಾತನ್ನು ಮಾತ್ರ. ಓದದಿದ್ದರೆ ಅವಳು ಮುಚ್ಚಿದ ಬಾಗಿಲಿನ ಹೊರಗೆ ಕಾವಲು ಕೂತ ಹಾಗೆ ಕೂತೇ ಇರುತ್ತಾಳೆ. ಪ್ರಯೋಗಾಲಯದ ಉತ್ತರಕ್ಕೆ ಹದಿನೈದು ದಿನವಾಗಬಹುದು, ಬಾರದೆಯೂ ಇರಬಹುದು. ಅಷ್ಟರಲ್ಲಿ ಅವ್ವನನ್ನು ಗೇಟಿನಿಂದ ಕಳಿಸಿರುತ್ತಾರೆ. ಎಲ್ಲಿ ಕೂಡಿಸಿ ಎಲ್ಲಿ ಕಳೆದರೂ ಉಳಿಯುವುದು ಏನೂ ಇಲ್ಲ.

ಲಾಕಪ್ಪಿನ ಮುಂದೆ ನಿಂತಾಗ ಹೊಸಬಳು ತಲೆಯೆತ್ತಿದಳು.

"ಒರೆಸಿದ್ರಾ ಅಕ್ಕ?"

"ಒರೆಸಿದೆ."

"ನಮ್ಮ ಹುಡುಗೀರು? ಏನಾದರೂ ಗೊತ್ತಾಯ್ತಾ?"

ಮಾಲಮ್ಮ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡಳು. ಅದನ್ನು ತನ್ನ ಬಾಯಿಂದ ಯಾರ ಮುಂದೆಯೂ ಓದುವುದಿಲ್ಲ, ಇವಳ ಮುಂದಂತೂ ಇಲ್ಲ, ಎಂಬುದು ಆ ಮಡಿಕೆಯ ಜೊತೆಗೇ ಅವಳೊಳಗೆ ತೀರ್ಮಾನವಾಯಿತು. ಹೇಳಹೊರಟ ಸುಳ್ಳನ್ನು ಅವ್ವನಿಗೂ ತಿಳಿಸುವಂತಿಲ್ಲ.

"ಬೆಳಿಗ್ಗೆ ಮಗ್ಗಕ್ಕೆ ಹೋದರಂತೆ," ಎಂದಳು.

ಹೊಸಬಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಹೆಗಲು ಕೆಳಗಿಳಿಯಿತು.

"ನಾಲ್ಕೂ ಜನನಾ?"

"ನಾಲ್ಕೂ ಜನ."

"ಯಾವ ಸಾಲಿಗೆ ಹಾಕಿದರಂತೆ? ಬಾಗಿಲ ಪಕ್ಕದ ಸಾಲಾದರೆ ಗಾಳಿ ಬರುತ್ತೆ."

ಮಾಲಮ್ಮ ನೇಯ್ಗೆ ಶೆಡ್ಡಿನ ಒಳಗನ್ನು ಕಂಡದ್ದು ಹೆಣದ ಕಾವಲಿಗೆ ನಿಂತ ಒಂದೇ ದಿನ. ಬಾಗಿಲ ಪಕ್ಕದಲ್ಲಿ ಏನಿತ್ತೆಂದು ನೆನಪು ಮಾಡಿಕೊಳ್ಳುತ್ತ, ಅವಳು ಸರಳಿನ ಈಚೆ ನೆಲದ ಮೇಲೆ ಕೂತು ಹೇಳತೊಡಗಿದಳು.